‘ಹೊಟ್ಟಿ ತಣ್ಣಗಿರಲಿ’ ಎನ್ನುತ್ತಿದ್ದ ಗದಿಗೆವ್ವ

ಬ್ಯಾಡಗಿ ಪೇಟೆಯಲ್ಲಿ ಯಾರಿಗಾದರೂ ‘ಧನ್ಯವಾದ’ ಎಂದು ಹೇಳಿ ನೋಡಿ. ನಿಮ್ಮನ್ನು ಮೇಲಿಂದ ಕೆಳಗಿನವರೆಗೆ ಅಳೆದು, ಎಲ್ಲಿಯೋ ಭಾಷಣಕ್ಕೆ ಬಂದವರು ದಾರಿ ತಪ್ಪಿರಬೇಕು ಎಂದುಕೊಳ್ಳುತ್ತಾರೆ. ಅದು ಹಾರ ಹಾಕಿಸಿಕೊಂಡವರ ಮಾತು. ಮೆಣಸಿನಕಾಯಿ ರಾಶಿಯ ಮುಂದೆ ಮೂಗಿಗೆ ಸೆರಗು ಕಟ್ಟಿಕೊಂಡು ಕೂತು ತೊಟ್ಟು ಬಿಡಿಸುವ ಹೆಂಗಸರಿಗೆ ಬೇರೆಯೇ ಮಾತಿದೆ. ಒಂದು ಗುಟುಕು ನೀರು ಕೊಟ್ಟರೂ, ಕೂಡಲು ಗೇಣು ಜಾಗ ಸರಿಸಿಕೊಟ್ಟರೂ ‘ನಿನ್ನ ಹೊಟ್ಟಿ ತಣ್ಣಗಿರಲಿ’ ಎನ್ನುತ್ತಾರೆ. ಹೊಟ್ಟೆ ಎಂದರೆ ಅಲ್ಲಿ ಉಣ್ಣುವ ಹೊಟ್ಟೆಯಲ್ಲ, ಹೆತ್ತ ಹೊಟ್ಟೆ. ನಿನ್ನ ಮಕ್ಕಳು ಬಾಳಲಿ, ಅವರ ಸಂಕಟ ನೀನು ಕಾಣದಿರು ಎಂಬ ಹಾರೈಕೆ ಅದು. ಈ ಒಂದು ಮಾತನ್ನೇ ಹಿಡಿದುಕೊಂಡು ಗದಿಗೆವ್ವ ಮೂವತ್ತು ವರ್ಷ ಬದುಕಿದ್ದಳು.

ಸಕೀನಾಬಿ ಅವಳ ಮಗ್ಗುಲಿಗೆ ಬಂದು ಕೂತದ್ದು ತೊಂಬತ್ತೊಂದರ ಚಳಿಗಾಲದಲ್ಲಿ. ಸಕೀನಾಬಿಯ ತವರು ರಾಣೆಬೆನ್ನೂರು. ಗಂಡ ಶಾಬುದ್ದೀನ ಬ್ಯಾಡಗಿ ಪೇಟೆಯಲ್ಲಿ ಚೀಲ ಹೊರುವ ಹಮಾಲಿ. ಅದಕ್ಕೆ ಮೊದಲು ಅವಳು ಬೇರೊಂದು ಗೋದಾಮಿನಲ್ಲಿ ತೊಟ್ಟು ಬಿಡಿಸುತ್ತಿದ್ದಳು. ಅಲ್ಲಿಯ ಹೆಂಗಸರು ಮುಖ ಕಂಡಕೂಡಲೇ ಲೊಚಗುಟ್ಟುತ್ತಿದ್ದರು. ಆ ಕನಿಕರ ತಡೆಯಲಾರದೆ ಬಿಟ್ಟು ಬಂದಳು. ಆಷಾಢದ ಮಳೆಯಲ್ಲಿ ಅವಳ ಎರಡೂವರೆ ವರ್ಷದ ಮಗಳು ಮಾಸುಮಬಿ ವಾಂತಿಭೇದಿಯಾಗಿ ಒಂದೂವರೆ ದಿನದಲ್ಲಿ ಹೋಗಿಬಿಟ್ಟಿದ್ದಳು. ಒಂದೇ ಮಗಳು. ಹೊಸ ಗೋದಾಮಿನಲ್ಲಿ ಸಕೀನಾಬಿ ಈ ವಿಷಯ ಯಾರ ಮುಂದೆಯೂ ಎತ್ತಲಿಲ್ಲ. ಆದರೆ ಮೈ ಸುಮ್ಮನಿರುತ್ತದೆಯೇ? ರೊಟ್ಟಿ ಗಂಟಲಲ್ಲಿ ಇಳಿಯದು, ಚಾಪೆಯ ಮೇಲೆ ಬಿದ್ದುಕೊಂಡರೆ ರೆಪ್ಪೆ ಕೂಡದು. ಇಪ್ಪತ್ತನಾಲ್ಕರ ಹೆಣ್ಣು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು.

ಗದಿಗೆವ್ವ ಕಾಗಿನೆಲೆ ರಸ್ತೆಯ ಒಂದು ಹಳ್ಳಿಯವಳು, ಐವತ್ತು ದಾಟಿದವಳು. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವಾಕೆ. ಮೆಣಸಿನಕಾಯಿಯ ಧೂಳು ಕುಡಿದು ಕುಡಿದು ಎದೆಯಲ್ಲಿ ಸದಾ ಒಂದು ಗೊರಗೊರ ಇತ್ತು. ಅವಳದೊಂದು ಪದ್ಧತಿ. ದಿನದ ಮೊದಲ ಕಾಯಿಗೆ ಕೈ ಹಾಕುವ ಮುಂಚೆ, ಹಿಂದಿನ ದಿನ ತನಗೆ ಒಳ್ಳೆಯದು ಮಾಡಿದವರು ಯಾರೆಂದು ನೆನೆಸಿ, ಅವರ ಹೆಸರು ಹೇಳಿ ಹಾರೈಸಬೇಕು. ಆಮೇಲೆ ಕೆಲಸ. ಹೆಂಗಸರಿಗೆ ಅದೊಂದು ಮೋಜು.

“ಏ ಗದಿಗೆವ್ವಾ, ಇವತ್ತ ಯಾರ ಪಾಳಿ?”

“ಬಸ್ಸಿನ ಡ್ರೈವರಂದು. ನಾ ಓಡೂದು ನೋಡಿ ಗಾಡಿ ನಿಂದರಿಸಿದ ಪುಣ್ಯಾತ್ಮ. ಅವನ ಹೊಟ್ಟಿ ತಣ್ಣಗಿರಲಿ.”

ಇನ್ನೊಂದು ದಿನ ಬಹಳ ಹೊತ್ತು ನೆನೆಸಿ, “ನಿನ್ನೆ ಯಾರೂ ಏನೂ ಮಾಡ್ಲಿಲ್ಲವ್ವ. ಹಾದ್ಯಾಗ ಒಂದು ಎಮ್ಮಿ ಎದುರಿಗೆ ಬಂತು, ಹಾಯಲಿಲ್ಲ, ಅಷ್ಟ. ಅದರ ಹೊಟ್ಟಿನೂ ತಣ್ಣಗಿರಲಿ,” ಎಂದಳು. ಗೋದಾಮಿಗೆ ಗೋದಾಮೇ ನಕ್ಕಿತು. ಸಕೀನಾಬಿ ನಗಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಮುದುಕಿಯ ಕಾಲಿಗೆ ಬದುಕಿನಲ್ಲಿ ಒಂದು ಮುಳ್ಳೂ ಚುಚ್ಚಿಲ್ಲ, ಅದಕ್ಕೇ ಎಮ್ಮೆಗೂ ಕೈಮುಗಿಯುತ್ತಾಳೆ ಎಂದುಕೊಂಡಳು.

ಒಂದು ಮಧ್ಯಾಹ್ನ ಗದಿಗೆವ್ವನಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ಕಣ್ಣು ಮೇಲಾದವು. ಸಕೀನಾಬಿ ತನಗೆ ತಿಳಿಯದ ಹಾಗೆಯೇ ತನ್ನ ತಂಬಿಗೆಯನ್ನು ಅವಳ ಬಾಯಿಗೆ ಹಿಡಿದಳು. ಎರಡು ಗುಟುಕು ಕುಡಿದು, ಉಸಿರು ತಿರುಗಿ, ಗದಿಗೆವ್ವ ಅವಳ ತಲೆಯ ಮೇಲೆ ಕೈಯಿಟ್ಟಳು.

“ನಿನ್ನ ಹೊಟ್ಟಿ ತಣ್ಣಗಿರಲಿ, ನನ ಮಗಳ.”

ಸಕೀನಾಬಿ ಆ ಕೈಯನ್ನು ಕಿತ್ತು ಒಗೆದಳು. “ಯಾರ ಹೊಟ್ಟಿ ತಣ್ಣಗಿರಬೇಕು? ಬೆಂಕಿ ಬಿದ್ದೈತಿ ನನ್ನ ಹೊಟ್ಟಿಗೆ! ಹಡದ ಕೂಸನ್ನ ಮಣ್ಣಾಗ ಇಟ್ಟು ಬಂದೇನಿ ನಾನು. ನಿನಗೇನ ಗೊತ್ತಾಗಬೇಕು? ಒಂದನ್ನರ ಕಳಕೊಂಡಿದ್ರ ಇಂಥಾ ಮಾತು ನಿನ್ನ ಬಾಯಾಗ ಬರ್ತಿದ್ದಿಲ್ಲ. ಬಾಯಿ ಮುಚ್ಚಿಕೊಂಡು ಕುಂದರು!”

ಎದ್ದವಳು ಬುಟ್ಟಿಯನ್ನು ಒದ್ದಳು. ಕಾಯಿ ಚೆಲ್ಲಾಡಿ, ಘಾಟು ಎದ್ದು, ಎಲ್ಲರೂ ಕೆಮ್ಮತೊಡಗಿದರು. ಗದಿಗೆವ್ವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. “ತಪ್ಪಾತವ್ವ,” ಎಂದಳು. ಅಷ್ಟೇ. ಕೆಳಗೆ ಬಗ್ಗಿ ಚೆಲ್ಲಿದ ಕಾಯಿಗಳನ್ನು ಒಂದೊಂದಾಗಿ ಆರಿಸಿದಳು.

ಸಂಜೆ ನೀರಿನ ನಲ್ಲಿಯ ಹತ್ತಿರ ಫಕ್ಕೀರವ್ವ ಸಕೀನಾಬಿಯ ರಟ್ಟೆ ಹಿಡಿದು ನಿಲ್ಲಿಸಿದಳು. ಫಕ್ಕೀರವ್ವ ಗದಿಗೆವ್ವನ ಊರಿನವಳು, ಅವಳ ಹಿಂದುಮುಂದೆಲ್ಲ ಬಲ್ಲವಳು.

“ಏನ ಮಾಡಿದೀ ಹುಚ್ಚಿ? ಆಕಿ ಮೂರು ಹಡದು ಮೂರನ್ನೂ ಮಣ್ಣಿಗಿಟ್ಟಾಕಿ. ಅದ ನೆವ ಮಾಡಿ ಗಂಡ ಮತ್ತೊಬ್ಬಾಕಿನ್ನ ಮಾಡಿಕೊಂಡ. ‘ಹೊಟ್ಟಿ ತಣ್ಣಗಿರಲಿ’ ಅಂತ ಆಕಿಗೆ ಈ ಜಲ್ಮದಾಗ ಯಾರೂ ಹೇಳೂ ಹಂಗಿಲ್ಲ. ಮಂದೀಗೆ ಹೇಳೂದೊಂದ ಆಕಿ ಪಾಲಿಗೆ ಉಳದಿತ್ತು. ಅದನ್ನೂ ಕಸಗೊಂಡಿ ನೀನು.”

ಸಕೀನಾಬಿ ನಲ್ಲಿಯ ಕೆಳಗೆ ಕೈ ಹಿಡಿದೇ ನಿಂತಳು. ಮೆಣಸಿನಕಾಯಿಯ ಉರಿ ನೀರಿಗೆ ಎಂದೂ ಹೋಗುವುದಿಲ್ಲ, ಅದು ಅವಳಿಗೂ ಗೊತ್ತು. ಆದರೂ ಕತ್ತಲಾಗುವವರೆಗೆ ತೊಳೆಯುತ್ತಲೇ ಇದ್ದಳು.

ಮರುದಿನ ಯಾರೋ ರೂಢಿಯಂತೆ “ಇವತ್ತ ಯಾರ ಪಾಳಿ?” ಎಂದರು. “ಯಾರದೂ ಇಲ್ಲ,” ಎಂದು ಗದಿಗೆವ್ವ ಕಾಯಿಗೆ ಕೈ ಹಾಕಿದಳು. ಅದರ ಮರುದಿನವೂ ಅಷ್ಟೇ. ವಾರ ಕಳೆಯುವಷ್ಟರಲ್ಲಿ ಕೇಳುವವರೂ ಬಿಟ್ಟರು. ಫಕ್ಕೀರವ್ವ ಒತ್ತಾಯ ಮಾಡಿದಾಗ ಒಮ್ಮೆ ಮಾತ್ರ, “ಮೂವತ್ತು ವರ್ಷದಾಗ ಎಷ್ಟು ಮಂದೀಗೆ ಚುಚ್ಚೇತೋ ಏನೋ ನನ್ನ ನಾಲಿಗಿ,” ಎಂದಳಂತೆ.

ಅಲ್ಲಿಂದ ಅವಳು ಇಳಿದ ಪರಿ ನೋಡಬೇಕಿತ್ತು. ಕೆಮ್ಮು ಮೊದಲೂ ಇತ್ತು, ಧೂಳು ಮೊದಲೂ ಇತ್ತು. ಆದರೆ ಮೊದಲು ಬುತ್ತಿ ಬಿಚ್ಚಿದರೆ ಎರಡು ರೊಟ್ಟಿ ಕಟಕಟ ಮುರಿದು ತಿನ್ನುತ್ತಿದ್ದವಳು ಈಗ ಅರ್ಧ ತಿಂದು ಕಟ್ಟಿಡುತ್ತಿದ್ದಳು. ಮೊದಲು ಬಸ್ಸಿನಲ್ಲಿ ನಿಂತುಕೊಂಡೇ ತೂಕಡಿಸುತ್ತಿದ್ದವಳ ಕಣ್ಣಿನ ಸುತ್ತ ಈಗ ಕಪ್ಪು ಕಟ್ಟಿತು. ಬೇರೆಯವರು ವಯಸ್ಸಾಯಿತು ಎಂದರು. ಸಕೀನಾಬಿಗೆ ಮಾತ್ರ ಆ ಕಣ್ಣು, ಆ ಅರ್ಧ ರೊಟ್ಟಿ ಎರಡೂ ಚೆನ್ನಾಗಿ ಗುರುತಿದ್ದವು. ತನ್ನ ರೋಗವನ್ನೇ ಅವಳು ಆ ಮುದುಕಿಗೆ ಅಂಟಿಸಿದ್ದಳು. ತಪ್ಪಾಯಿತು ಎನ್ನಬೇಕೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಅಬ್ಬಾ, ಆ ಒಂದು ಮಾತು ಆಡಲಿಕ್ಕೆ ಮನುಷ್ಯನಿಗೆ ಎಷ್ಟು ಬಿಗುಮಾನ! ಮೂರನೆಯ ಸಲ ಹೇಗೋ “ಆಯೀ, ಅವತ್ತು ನಾನು…” ಎಂದಳು. “ನಿಂದೇನ ತಪ್ಪಿಲ್ಲ ತಂಗಿ,” ಎಂದು ಗದಿಗೆವ್ವ ಅತ್ತ ಹೊರಳಿ ಕೆಮ್ಮಿದಳು. ಮಾತು ಅಲ್ಲಿಗೇ ಸತ್ತಿತು.

ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಗದಿಗೆವ್ವ ಬರುವುದು ನಿಂತಿತು. ತಂಗಿಯ ಮಗ ಹಾವೇರಿಯ ಆಸ್ಪತ್ರೆಗೆ ಸೇರಿಸಿದ್ದಾನೆ, ಅವನಿಗೂ ಹಗಲು ಕೂಡಲು ಪುರಸೊತ್ತಿಲ್ಲ ಎಂದು ಫಕ್ಕೀರವ್ವ ಸುದ್ದಿ ತಂದಳು. ಸಕೀನಾಬಿ ಗಂಡನಿಗೆ ಹೇಳಿದಳು. ಶಾಬುದ್ದೀನ ಹೆಚ್ಚು ಮಾತಿನವನಲ್ಲ. “ಹೋಗಿ ಬಾ. ಕೂಡು ಅಂದ್ರ ಎರಡು ದಿನ ಕುಂತು ಬಾ,” ಎಂದ. ಬೆಳಗಿನ ಮೊದಲ ಬಸ್ಸಿಗೆ ಅವಳು ಹಾವೇರಿಗೆ ಹೋದಳು.

ಮಂಚದ ಮೇಲೆ ಗದಿಗೆವ್ವ ಇದ್ದಾಳೋ ಇಲ್ಲವೋ ಎಂಬಷ್ಟು ಸಣ್ಣಗಾಗಿದ್ದಳು. ಡಾಕ್ಟರು ಬಂದವರು ಸಕೀನಾಬಿಯನ್ನು ಕಂಡು, “ನೀವೇನ ಆಗಬೇಕು ಇವರಿಗೆ?” ಎಂದರು.

“ಬಾಜೂ ಕುಂದರಾಕೀರಿ.”

ಡಾಕ್ಟರಿಗೆ ಅರ್ಥವಾಯಿತೋ ಇಲ್ಲವೋ. ಬಾಗಿಲ ಕಡೆ ಕರೆದು, “ಎದಿ ಪೂರ್ತಿ ಹಾಳಾಗೇತ್ರಿ. ಇದು ಇವತ್ತಿನ ಬ್ಯಾನಿ ಅಲ್ಲ. ಈ ಎದಿ ಇಟ್ಟುಕೊಂಡು ಇಷ್ಟು ವರ್ಷ ಹೆಂಗ ದುಡದ್ರೋ ನನಗ ತಿಳೀವಲ್ದು. ಎರಡು ತಿಂಗಳ ಹಿಂದಿನ ತನಕ ಊಟ, ನಿದ್ದಿ ಚೊಲೋ ಇದ್ದುವಂತ. ಅದ ಹಿಡದ ನಿಂದರಿಸಿತ್ತೋ ಏನೋ. ಆಮ್ಯಾಲೆ ಎರಡೂ ಬಿಟ್ಟಾರ. ಮನಸ್ಸಿಗೆ ಏನರ ಹಚ್ಚಿಕೊಂಡಾರೇನು?” ಎಂದರು.

ಸಕೀನಾಬಿ ತಲೆ ತಗ್ಗಿಸಿದಳು.

ತಿರುಗಿ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. “ಆಯೀ, ನನ್ನ ಮಾತು ನಾನು ಹಿಂದಕ್ಕ ತಗೊಂಡೇನಿ. ನನಗ ಗೊತ್ತಿದ್ದಿಲ್ಲ. ನೀ ಮತ್ತ ಶುರು ಮಾಡು. ನಿನ್ನ ಕಾಲು ಹಿಡಕೋತೀನಿ.”

ಗದಿಗೆವ್ವ ಉಸಿರು ಕೂಡಿಸಿಕೊಂಡು ತುಂಡು ತುಂಡಾಗಿ ಮಾತಾಡಿದಳು. “ಮೂರನೇದು ಹೋದಾಗ ಎಂಟು ದಿನ ನನ್ನ ಗಂಟಲಾಗ ನೀರೂ ಇಳೀಲಿಲ್ಲ. ಬಾಜೂ ಮನಿ ಜಯವ್ವ ಒಂದು ವಾಟಗ ಅಂಬಲಿ ತಂದ್ಲು. ಕುಡದ್ನಿ. ಬಾಯಿತಪ್ಪಿ ಆ ಮಾತು ಬಂತು. ಅವತ್ತ ನಿದ್ದಿ ಹತ್ತಿತು ನೋಡು. ಮರುದಿನ ಮತ್ತ ಹತ್ತಲಿಲ್ಲ. ಹಂಗಾರ ದಿನಾ ಒಬ್ಬರನ್ನರ ಹುಡುಕಬೇಕು ಅಂದ್ಕೊಂಡ್ನಿ. ಬ್ಯಾನಿ ಬಂದವರು ಗುಳಗಿ ನುಂಗಿದಂಗ. ಒಳ್ಳೇಕಿ ಅಂತ ಅಲ್ಲ ತಂಗಿ. ಬದುಕಬೇಕಿತ್ತು.”

“ಹಂಗಾರ ಈಗೂ ಹೇಳು.”

“ಆಗವಲ್ದು. ಬಾಯಿತನಕ ಬಂದದ್ದು ಹೆದರಿ ಹಿಂದಕ್ಕ ಹೋಗತೈತಿ.” ಆಮೇಲೆ ಇವಳತ್ತ ಹೊರಳಿ ಕೇಳಿದಳು, “ನನ್ನ ಬಿಡು. ನೀ ಹೇಳು. ನಿನ್ನ ಮಗಳು ನಿನಗೇನ ಕೊಟ್ಲು?”

“ಏನ ಕೊಟ್ಲು! ಹೋದ್ಲು. ಎಂಟು ತಿಂಗಳಾತು, ಕಣ್ಣಿಗೆ ಕಣ್ಣು ಹತ್ತಿಲ್ಲ ನನಗ. ಆ ದಿನ ಕೆಲಸದಿಂದ ಹಂಗ ಓಡಿ ಹೋಗಿದ್ನಿ. ಕೈಯಾಗ ಖಾರದ ಉರಿ. ಕೂಸಿನ ಮಾರೀಗೆ ತಾಗೀತು ಅಂತ ಮುಟ್ಟಲಿಲ್ಲ ಆಯೀ. ಆಕಿ ಕೈ ಚಾಚತಿದ್ಲು, ನಾ ಹಿಂದ ಸರೀತಿದ್ನಿ.”

ಇದನ್ನು ಅವಳು ಶಾಬುದ್ದೀನನಿಗೂ ಹೇಳಿರಲಿಲ್ಲ. ಗದಿಗೆವ್ವ ಸಮಾಧಾನದ ಮಾತು ಆಡಲಿಲ್ಲ. “ಅದಕ್ಕಿಂತ ಮೊದಲಿಂದು ಕೇಳಾಕತ್ತೇನಿ,” ಎಂದಳು.

ಎಂಟು ತಿಂಗಳು ಸಕೀನಾಬಿಗೆ ಆ ಒಂದೂವರೆ ದಿನವಷ್ಟೇ ಕಂಡಿತ್ತು. ಅದರ ಹಿಂದೆ ಎರಡೂವರೆ ವರ್ಷವಿತ್ತು ಎಂಬುದೇ ಮರೆತಿತ್ತು.

“ದಿನಾ ಸಂಜೀಕ ಬಾಗಲಾಗ ಕಾಯತಿದ್ಲು. ಮುಟ್ಟಬ್ಯಾಡ ಬೇಟಾ, ಕೈ ಉರೀತೈತಿ ಅಂತಿದ್ನಿ. ನನ್ನ ಮಣಿಕಟ್ಟು ಹಿಡಕೊಂಡು ಅಂಗೈಗೆ ಫೂ ಫೂ ಅಂತ ಊದತಿದ್ಲು. ಉಗುಳೆಲ್ಲಾ ಸಿಡೀತಿತ್ತು. ಊದಿ ಊದಿ ‘ಹೋತಾ ಅಮ್ಮಿ?’ ಅಂತ ಕೇಳತಿದ್ಲು.”

“ಹೋಗತಿತ್ತೇನು?”

“ಹೋಗತಿತ್ತು ಆಯೀ. ಖರೇನ ಹೋಗತಿತ್ತು.”

ಹಾಗೆಂದವಳಿಗೆ ಅಳು ಒತ್ತರಿಸಿ ಬಂತು. ಮಣ್ಣು ಮಾಡಿದ ದಿನವೂ ಬಾರದ ಅಳು. ಮಂಚದ ಪಟ್ಟಿಗೆ ಹಣೆ ಚಚ್ಚಿಕೊಂಡು ಅತ್ತಳು. ಅಕ್ಕಪಕ್ಕದ ರೋಗಿಗಳು ಎದ್ದು ಕೂತರು. ಗದಿಗೆವ್ವ ಕೈ ಇಳಿಬಿಟ್ಟು ಅವಳ ಕೂದಲ ಮೇಲೆ ಇಟ್ಟಿದ್ದಳು. ಅಳು ನಿಂತ ಮೇಲೆ ಸಕೀನಾಬಿ ಒಂದು ಗಳಿಗೆ ಬೆನ್ನು ಚಾಚೋಣವೆಂದು ಮಂಚದ ಪಕ್ಕ ಸೆರಗು ಹಾಸಿಕೊಂಡಳು. ಆಗ ಮಧ್ಯಾಹ್ನದ ಊಟದ ಹೊತ್ತು.

ನರ್ಸಮ್ಮ ಭುಜ ಹಿಡಿದು ಅಲ್ಲಾಡಿಸಿದಾಗ ದೀಪ ಹಚ್ಚಿದ್ದರು. ಎಲ್ಲಿದ್ದೇನೆ ಎಂಬುದೇ ಅವಳಿಗೆ ಹೊಳೆಯಲಿಲ್ಲ. ಮಂಚದ ಮೇಲೆ ಮುಖದವರೆಗೆ ಬಿಳಿ ಬಟ್ಟೆ ಹೊದಿಸಿತ್ತು.

“ಉಸಿರು ಏರಿದಾಗ ಡಾಕ್ಟರು ಬಂದು ಸೂಜಿ ಹಾಕಿದ್ರು, ಆಗಲಿಲ್ಲ. ನಿಮ್ಮನ್ನ ಎಬ್ಬಿಸಾಕ ಬಗ್ಗಿದ್ನಿ,” ಎಂದಳು ನರ್ಸಮ್ಮ. “ಆಕಿನ ನನ್ನ ಕೈ ಹಿಡದು ಜಗ್ಗಿದ್ಲು. ಮಾತಾಡಾಕ ಆಗತಿದ್ದಿಲ್ಲ, ಆದ್ರೂ ಹೇಳಿದ್ಲು. ಎಂಟು ತಿಂಗಳಿಗೆ ಮಕ್ಕೊಂಡಾಳ, ಎಬ್ಬಿಸಬ್ಯಾಡ್ರಿ ಅಂದ್ಲು.”

ಸಕೀನಾಬಿ ಎದ್ದು ನಿಂತಳು. ಕಣ್ಣಿಗೆ ಕತ್ತಲೆ ಕಟ್ಟಲಿಲ್ಲ. ಹೊಟ್ಟೆ ಚುರುಚುರು ಎಂದಿತು. ಅದು ಏನೆಂದು ಒಂದು ಕ್ಷಣ ಅವಳಿಗೇ ಗೊತ್ತಾಗಲಿಲ್ಲ. ಹಸಿವು. ಹೆಣದ ಪಕ್ಕದಲ್ಲಿ ನಿಂತು ಅವಳಿಗೆ ಎಂಟು ತಿಂಗಳಲ್ಲಿ ಮೊದಲ ಸಲ ಹಸಿವಾಗಿತ್ತು. ನಾಚಿಕೆಯಿಂದ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.