ಮಾಲೀಕರ ಟಿವಿಗೆ ನಲವತ್ತಾರು

ಆ ಗುರುತು ಹಾಕಿದವನು ನಾನೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹಿರಿಯೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವ ಕೆಲಸ ನನ್ನದು. ದೊಡ್ಡ ಡಾಕ್ಟರು ಕೂರುವುದು ಚಿತ್ರದುರ್ಗದಲ್ಲಿ. ಅವರ ಮಾತು, ಎಕ್ಸರೇ ವರದಿ, ನಮ್ಮಲ್ಲಿ ನೋಡುವ ಟಿವಿ ಎಲ್ಲವೂ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಅಲ್ಲಿಂದ ಒಂದೇ ಲೈನಿನಲ್ಲಿ ಬರುತ್ತವೆ. ಪ್ರತಿ ಪ್ಯಾಕೆಟ್ಟಿನ ತಲೆಯಲ್ಲೂ ಒಂದು ಸಂಖ್ಯೆಗೆ ಜಾಗವಿದೆ, ಅದೇ ಗುರುತು. ಸೊನ್ನೆ ಇದ್ದರೆ ಸರದಿಯಲ್ಲಿ ನಿಲ್ಲಬೇಕು. ನಲವತ್ತಾರು ಇದ್ದರೆ ರೂಟರ್ ಅದನ್ನು ಮೊದಲು ಬಿಡುತ್ತದೆ. ನಲವತ್ತಾರು ಇರುವುದು ಮಾತಿಗೆ. ತಡವಾಗಿ ಬಂದ ಮಾತು ಯಾರಿಗೂ ಬೇಡ.

"ನನ್ ರೂಮಿಂದು ಎಲ್ಲದಕ್ಕಿಂತ ಮುಂದೆ ಬರ್ಬೇಕಪ್ಪ" ಎಂದಿದ್ದರು ಆಸ್ಪತ್ರೆಯ ಮಾಲೀಕರು. ಅವರ ಟಿವಿಗೂ ನಲವತ್ತಾರು ಬರೆದೆ. ತಪ್ಪೆಂದು ಗೊತ್ತಿದ್ದೇ ಬರೆದೆ.

ಒಂದು ಮಧ್ಯಾಹ್ನ ತೆಂಗಿನಕಾಯಿ ಕೀಳುವವರೊಬ್ಬರನ್ನು ಹೊತ್ತು ತಂದರು. ಮರದ ಮೇಲೆ ಹೆಜ್ಜೇನು ಕಡಿದಿತ್ತು. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಉಸಿರು ಸಿಳ್ಳು ಹಾಕುತ್ತಿತ್ತು. ಮೊದಲ ಇಂಜೆಕ್ಷನ್ನಿಗೆ ಬಗ್ಗಲಿಲ್ಲ. ನಮ್ಮ ಡ್ಯೂಟಿ ಡಾಕ್ಟರಮ್ಮ ಅದೇ ಲೈನಿನಲ್ಲಿ ದುರ್ಗದ ದೊಡ್ಡ ಡಾಕ್ಟರಿಗೆ ಫೋನ್ ಹಚ್ಚಿದರು.

"ಸಾರ್, ತುಂಡು ತುಂಡಾಗಿ ಕೇಳ್ತೈತೆ. ಇನ್ನೊಂದ್ಸಲ ಹೇಳ್ರಿ."

ಮೂರು ಸಲ ಹಾಗೆಂದರು. ರೋಗಿಯ ಹೆಂಡತಿ ನನ್ನ ತೋಳು ಹಿಡಿದರು. "ನೀನಾರ ಸರಿ ಮಾಡಪ್ಪ."

ಮೇಲಕ್ಕೆ ಓಡಿದೆ. ಮಾಲೀಕರ ಕೋಣೆಯಲ್ಲಿ ಯಾರೂ ಇರಲಿಲ್ಲ. ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ನಲವತ್ತಾರು ಇದ್ದವು ನಿಲ್ಲುವ ಮಾತಿನ ಸಾಲು ಕಿರಿದು. ತುಂಬಿದರೆ ಹೆಚ್ಚಾದದ್ದನ್ನು ರೂಟರ್ ಚೆಲ್ಲುತ್ತದೆ. ಮಾತು ಯಾವುದು, ಆಟ ಯಾವುದು ಎಂದು ಅದು ನೋಡುವುದಿಲ್ಲ. ಟಿವಿಯ ವೈರು ಕಿತ್ತೆ. ಕೆಳಗೆ ಬಂದಾಗ ಡಾಕ್ಟರಮ್ಮ, ದುರ್ಗದವರು ಹೇಳಿದ ಔಷಧದ ಅಳತೆಯನ್ನು ಫೋನಿನಲ್ಲಿ ತಿರುಗಿ ಒಪ್ಪಿಸುತ್ತಿದ್ದರು.

ಆ ಮನುಷ್ಯ ಮೂರನೆಯ ದಿನ ನಡೆದುಕೊಂಡೇ ಮನೆಗೆ ಹೋದರು. ಅವರನ್ನು ಹೊತ್ತು ತಂದ ದಿನ ಸಂಜೆಯೇ ನಾನು ಟಿವಿಗೆ ಸೊನ್ನೆ ಬರೆದಿದ್ದೆ.

ಸೊನ್ನೆ ಬರೆದ ಮರುದಿನವೇ ಮಾಲೀಕರು ಕರೆಸಿದರು.

"ಏನಪ್ಪ, ಟಿವಿ ನಿಂತ್ ನಿಂತ್ ಬರ್ತೈತಲ್ಲ."

"ಸರದೀಲಿ ಐತೆ ಸಾರ್."

"ಮೊದಲಿನಂಗೆ ಮಾಡು."

"ಮಾಡಲ್ಲ ಸಾರ್."

"ಆಸ್ಪತ್ರೆ ನಿಮ್ಮಪ್ಪಂದೇನಲೇ?"

"ಅಲ್ಲ, ನಿಮ್ದು. ಅದಕ್ಕೇ ನೀವೇ ಸಹಿ ಮಾಡಿ ಕೊಡ್ರಿ."

ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ನನ್ನ ತಪ್ಪಿನಿಂದಲೇ ಶುರುಮಾಡಿ. ಕೊನೆಯಲ್ಲಿ, ಟಿವಿಯನ್ನು ಮತ್ತೆ ಮಾತಿನ ಸಾಲಿಗೆ ಸೇರಿಸಲು ಮಾಲೀಕರ ಒಪ್ಪಿಗೆ ಇದೆ ಎಂದು ಬರೆದು, ಸಹಿಗೆ ಜಾಗ ಬಿಟ್ಟಿದ್ದೆ. ಅವರು ಎರಡು ಸಲ ಓದಿದರು. ಪೆನ್ನು ಮುಟ್ಟಲಿಲ್ಲ.

"ಬೇರೆ ಕೆಲಸ ನೋಡ್ಕೋ."

"ನೋಡ್ಕಂತೀನಿ. ಅಲ್ಲೀತನಕ ಅದು ಸೊನ್ನೆನೇ."

ಇನ್ನೂ ಇಲ್ಲೇ ಇದ್ದೇನೆ. ಹಾಳೆಗೆ ಸಹಿ ಬಿದ್ದಿಲ್ಲ.