ಒಕ್ಕಣ್ಣನ ಎರಡನೇ ಕಣ್ಣು

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತೂ ಅಷ್ಟಕ್ಕಷ್ಟೆ. ತಪ್ಪಿದ್ದರೆ ಮನ್ನಿಸಿ. ಇದು ನಮ್ಮಜ್ಜನ ವಿಷಯ.

ಅಜ್ಜ ಗಡಿಯಾರ ರಿಪೇರಿ ಮಾಡುತ್ತಾರೆ. ಬೀದಿಗೆಲ್ಲ ಅವರು ಒಕ್ಕಣ್ಣ. ಹಲವರ ಕೊರಳು ಒಂದಾದರೆ ಒಕ್ಕೊರಲು ಅನ್ನುವ ಹಾಗೆ, ಕಣ್ಣು ಒಂದೇ ಇದ್ದವನು ಒಕ್ಕಣ್ಣ. ಆದರೆ ಅಜ್ಜನಿಗೆ ಎರಡೂ ಕಣ್ಣು ನೆಟ್ಟಗಿದ್ದವು. ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ ನಲವತ್ತು ವರ್ಷ ಕೂತವರನ್ನು ನೋಡಿ ಎದುರಂಗಡಿಯ ದರ್ಜಿ ಇಟ್ಟ ಹೆಸರು ಅದು. ಕರೆದಾಗಲೆಲ್ಲ ಅಜ್ಜ ನಗುತ್ತಿದ್ದರು.

ಈಚೆಗೆ ನಗು ಬರುತ್ತಿರಲಿಲ್ಲ. ಕೆಲಸ ಮಾಡುವಾಗ ಮಂಜು ಮಂಜು. ಗಾಜು ಒರೆಸಿದರು, ಬಲ್ಬು ಬದಲಿಸಿದರು. ಕೊನೆಗೆ ಭೂತಗನ್ನಡಿ ತೆಗೆದಿಟ್ಟು, ಎಡಗಣ್ಣು ಮುಚ್ಚಿಯೇ ಎದುರುಗಡೆ ನೋಡಿದರು. ದರ್ಜಿಯ ಅಂಗಡಿ ಇರುವಲ್ಲಿ ಬರೀ ಬಿಳುಪು. ತಮಾಷೆಯ ಹೆಸರು ನಿಜವಾಗಿಬಿಟ್ಟಿತ್ತು.

ಹೇಳಿದರೆ ಅಜ್ಜಿ ಅಂಗಡಿ ಮುಚ್ಚಿಸುತ್ತಾಳೆಂದು ಯಾರಿಗೂ ಹೇಳಲಿಲ್ಲ. ಭೂತಗನ್ನಡಿಯನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡರು. ಅಷ್ಟು ವರ್ಷ ರಜೆಯಲ್ಲಿದ್ದ ಕಣ್ಣಿಗೆ ಕೆಲಸ ಒಗ್ಗಲಿಲ್ಲ. ಚಿಮಟ ಸ್ಕ್ರೂವಿನ ಪಕ್ಕದ ಖಾಲಿ ಜಾಗವನ್ನು ಹಿಡಿಯುತ್ತಿತ್ತು. ಒಂದು ಕೈಗಡಿಯಾರಕ್ಕೆ ಇಡೀ ದಿನ ಹೋಗುತ್ತಿತ್ತು. ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಸುಸ್ತು.

ಇವತ್ತು ಸಂಜೆ ಅಜ್ಜಿ ಚಹಾ ಕೊಟ್ಟಳು. ಅಜ್ಜನ ಕೈ ಲೋಟಕ್ಕಿಂತ ಈಚೆಗೇ ಮುಚ್ಚಿಕೊಂಡಿತು. ಅವಳು ಲೋಟ ಕೆಳಗಿಟ್ಟು ಅವರ ಮುಖವನ್ನೇ ನೋಡಿದಳು.

“ಏನ್ರೀ, ಈ ಉಂಗುರ ಯಾವಾಗ ಈ ಕಡೆ ಬಂತು?”

ಭೂತಗನ್ನಡಿ ಒತ್ತಿ ಆಗುವ ಕೆಂಪು ಗುರುತು ಅದು. ಯಾವಾಗಲೂ ಬಲಗಣ್ಣಿನ ಸುತ್ತ ಇರುತ್ತಿದ್ದದ್ದು ಈಗ ಎಡಗಣ್ಣಿನ ಸುತ್ತ ಇತ್ತು. ಎಲ್ಲ ಮುಚ್ಚಿಟ್ಟ ಅಜ್ಜನಿಗೆ ಅದೊಂದು ಹೊಳೆದಿರಲಿಲ್ಲ.

“ಸುಮ್ನೆ, ಬದಲಾವಣೆಗೆ.”

“ನನ್ ಕಿವಿ ಮೇಲೆ ಹೂ ಇಡ್ಬೇಡಿ.” ಅಜ್ಜಿ ಅವರ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು. “ಈಗ ನಾನು ಕಾಣ್ತೀನಾ?”

“ಮುಖ ಕಾಣಲ್ಲ. ಬಾಯಿ ಮಾತ್ರ ಹಾಗೇ ಇದೆ.”

ಅಜ್ಜಿ ನಗಲಿಲ್ಲ. “ಎಷ್ಟು ದಿನದಿಂದ?”

“ಐದಾರು ತಿಂಗಳಾಯ್ತೇನೋ. ನೀನು ಅಂಗಡಿ ಮುಚ್ಚಿಸ್ತೀಯ ಅಂತ ಹೇಳ್ಲಿಲ್ಲ. ಸಾಕಾಗಿದೆ ಕಣೇ. ದರ್ಜಿ ಒಕ್ಕಣ್ಣ ಅಂತ ಕರೆದಾಗೆಲ್ಲ, ಗೊತ್ತಾಗಿಹೋಯ್ತೇನೋ ಅನ್ಸುತ್ತೆ.”

“ಅಂಗಡಿ ಮುಚ್ಚಿ ಅಂತ ನಾನ್ಯಾಕೆ ಹೇಳ್ಲಿ? ಕೈಗಡಿಯಾರ ಬಿಡಿ, ಗೋಡೆ ಗಡಿಯಾರ ಮಾಡಿ. ಮೊದ್ಲು ಕಣ್ಣು ತೋರಿಸಿ.”

ಅಜ್ಜ ಹೂಂ ಅಂದರು. ಲೋಟವನ್ನು ಎರಡೂ ಕೈಯಿಂದ ತಡವಿ ಹಿಡಿದು, ಆರಿದ ಚಹಾ ಕುಡಿದರು.

ನಾಳೆ ಬೆಳಿಗ್ಗೆ ನಾನು ಕಣ್ಣಾಸ್ಪತ್ರೆಗೆ ಹೋಗಿ ಅವರ ಚೀಟಿಗೆ ಸಾಲಿನಲ್ಲಿ ನಿಲ್ಲುತ್ತೇನೆ.