ಎಂಟನೇ ತಿಂಗಳಿಗೆ ಹುಟ್ಟಿದವಳು

"ಬಳೆ ತೆಗೀರಿ. ಹಂಗೇ ಒಳಗೆ ಬಿಡಲ್ಲ," ಎಂದರು ಸಿಸ್ಟರ್. ಹಡೆದು ಒಂದು ದಿನವಾಗಿತ್ತು, ಮಗಳ ಮುಖ ಇನ್ನೂ ನೋಡಿರಲಿಲ್ಲ. ಸೀಮಂತಕ್ಕೆ ನಾವು ಕುಪ್ಪಸ ಅನ್ನುತ್ತೇವೆ, ಆ ದಿನ ತೊಡಿಸಿದ ಹಸಿರು ಬಳೆ ಕೈತುಂಬ ಇದ್ದವು. ನಮ್ಮ ಜಮಖಂಡಿ ಕಡೆ ಬಾಣಂತಿಯ ಕೈ ಬರಿದು ಮಾಡು ಎಂದರೆ ಹೊಡೆಯಲು ಬರುತ್ತಾರೆ. ಶಿಕಾರಿಪುರದ ಈ ಆಸ್ಪತ್ರೆಯಲ್ಲಿ ಅದೇ ಕಾನೂನು. ಬಳೆಯ ಸಂದಿಯ ಕೊಳೆ ಕೂಸಿಗೆ ತಾಗಬಾರದಂತೆ. ತೆಗೆದೆ, ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದೆ. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು.

ಗಾಜಿನ ಪೆಟ್ಟಿಗೆಯೊಳಗೆ ನನ್ನ ಅಂಗೈಯಷ್ಟಗಲದ ಬೆನ್ನು. ಬಾಯಿಗೊಂದು ನಳಿಕೆ, ಕಾಲಿಗೊಂದು ತಂತಿ. ಅಯ್ಯೋ, ಇದೆಲ್ಲಿಗೆ ಬಂದೆ ನಾನು ಅನ್ನಿಸಿತು.

ಈ ಊರಿಗೆ ಬಂದದ್ದು ರೊಟ್ಟಿ ಬಡಿಯಲು. ಬಸ್ ಸ್ಟ್ಯಾಂಡಿನ ಹತ್ತಿರ ಗಂಡ, ನಾನು ಖಾನಾವಳಿ ಹಾಕಿ ಎರಡು ವರ್ಷ. ಬಾಡಿಗೆ ಮನೆ ಕೇಳಲು ಹೋದರೆ ನನ್ನ ಮಾತಿನ ಧಾಟಿಗೆ ಹೆದರಿ "ಯಾಕ್ರೀ ಜಗಳಾಡ್ತೀರಾ?" ಎಂದವರಿದ್ದಾರೆ. ನಮ್ಮಲ್ಲಿ ಅನ್ನ ಊಟದ ಕೊನೆಗೆ, ಇಲ್ಲಿ ಮೊದಲಿಂದಲೂ ಅನ್ನವೇ. ಆದರೂ ಬಿಡಲಿಲ್ಲ. ಶಿರಾಳಕೊಪ್ಪದ ವ್ಯಾಪಾರಿಗಳು ಬಸ್ಸಿಳಿದ ಕೂಡಲೇ ನನ್ನ ಜೋಳದ ರೊಟ್ಟಿ ಹುಡುಕಿಕೊಂಡು ಬರುವಂತೆ ಮಾಡಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯಲು ಅವ್ವ ಬಂದಾಗಲೇ, ಹೊರಡುವ ಮೊದಲೇ, ನೋವು ಕಾಣಿಸಿತು. ಗಡಿಬಿಡಿಯಲ್ಲಿ ಸ್ಕ್ಯಾನಿಂಗ್ ಕಾಗದ ಮನೆಯಲ್ಲೇ ಉಳಿಯಿತು.

ಮಗಳು ಉಸಿರಾಟವನ್ನೇನೋ ಗೆದ್ದಳು. ಹಾಲು ಮಾತ್ರ ನಳಿಕೆಯಲ್ಲೇ. ಇಷ್ಟು ಬೇಗ ಹುಟ್ಟಿದವಕ್ಕೆ ಚೀಪಿ ನುಂಗುವ ಶಕ್ತಿ ಬಂದಿರುವುದಿಲ್ಲವಂತೆ. ಹಾಗಿದ್ದರೂ ಅವಳು ನನ್ನ ಕಿರುಬೆರಳು ಸಿಕ್ಕರೆ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಡಾಕ್ಟರಮ್ಮ ಅವಳ ಅಂಗಾಲು ತಿರುಗಿಸಿ ನೋಡಿದರು.

"ಅಂಗಾಲಲ್ಲಿ ಇಷ್ಟು ಗೆರೆ ಇದಾವೆ. ಏಳು ತಿಂಗಳ ಮಗುಗೆ ಇಷ್ಟಿರಲ್ಲ."

"ಏಳ ಅಂತ ಯಾರ್ ಹೇಳಿದ್ರು?"

"ನೀವು ನೋವಲ್ಲಿದ್ರಿ. ನಿಮ್ಮ ತಾಯಿ ಹೇಳಿದ್ದು."

ತಿರುಗಿದೆ. ಬಾಗಿಲಲ್ಲಿದ್ದ ಅವ್ವ, ಸುಮ್ಮನಿರು ಎಂಬಂತೆ ತಲೆಯಾಡಿಸಿದಳು. ಏಳಕ್ಕೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ. ಕೂಸು ಉಳಿಯಲೆಂದು ಅವ್ವ ಒಂದು ತಿಂಗಳನ್ನೇ ನುಂಗಿದ್ದಳು! ನನಗೆ ಸಿಟ್ಟು ನೆತ್ತಿಗೇರಿತು.

"ಎಂಟ್ರೀ ಡಾಕ್ಟರ! ಎಂಟಕ್ಕ ಹುಟ್ಟ್ಯಾಳ, ಎಂಟಕ್ಕ ಹುಟ್ಟಿದಾಕಿ ಅಂತನ ಬದುಕತಾಳ. ಸ್ಕ್ಯಾನಿಂಗ್ ಕಾಗದ ಮನ್ಯಾಗ ಐತಿ, ತರಸ್ತೀನಿ!"

ಒಳಗಿದ್ದ ತಾಯಂದಿರೆಲ್ಲ ನನ್ನತ್ತ ನೋಡಿದರು. ಒಬ್ಬಳು ಲೊಚಗುಟ್ಟಿದಳು. ಸೊರಬ ತಾಲ್ಲೂಕಿನ ಸಿಸ್ಟರ್ ಮೆಲ್ಲಗೆ, "ನಮ್ಮ ಆನವಟ್ಟಿ ಕಡೇಲೂ ಎಂಟು ಅಂದ್ರೆ ಹೆದರ್ತಾರೆ," ಎಂದರು. ಎರಡು ವರ್ಷದಲ್ಲಿ ನನ್ನೂರಿಗೂ ಈ ಸೀಮೆಗೂ ನಾನು ಕಂಡ ಹೊಂದಿಕೆ ಇದೊಂದೇ. ಸುಡಲಿ!

ಡಾಕ್ಟರಮ್ಮ ನಕ್ಕರು. "ಎಂಟಾದ್ರೆ ಇನ್ನೂ ಒಳ್ಳೇದಲ್ವೇನಮ್ಮ? ಒಳಗೆ ಒಂದು ತಿಂಗಳು ಜಾಸ್ತಿ ಬೆಳೆದಿದೆ. ಕುಡಿಸಿ ನೋಡೋಣ."

ಸಿಸ್ಟರ್ ಒಳಲೆ ತಂದರು. ಮೂತಿ ಚೂಪಾದ ಪುಟ್ಟ ಬಟ್ಟಲಿಗೆ ಇಲ್ಲಿ ಹಾಗೆನ್ನುತ್ತಾರೆ. "ಎಂತಕ್ಕೆ ಹೆದರ್ತೀರಿ? ಹಾಲು ನಿಧಾನ ಬಿಡಿ." ತೊಟ್ಟು ತೊಟ್ಟಾಗಿ ಬಿಟ್ಟೆ. ಕೆಮ್ಮಿದಳು. ಪ್ರಾಣ ಬಾಯಿಗೆ ಬಂತು. ಮತ್ತೆ ನುಂಗಿದಳು, ನುಂಗಿದಳು, ಇನ್ನೂ ಬೇಕೆಂದು ಬಾಯಿ ತೆರೆದಳು. ಆಮೇಲೆ ಅವಳನ್ನು ನನ್ನ ಎದೆಗೆ ಕಟ್ಟಿ ಕೂರಿಸಿದರು. ಇಳಿದಿದ್ದ ತೂಕವೆಲ್ಲ ಮತ್ತೆ ಏರಿತು, ನಳಿಕೆ ಹೋಯಿತು, ಗಾಜಿನ ಪೆಟ್ಟಿಗೆಯೂ ಬೇಡವಾಯಿತು. ಮನೆಗೆ ಬಂದ ದಿನ ಖಾನಾವಳಿಗೆ ಬಂದವರಿಗೆಲ್ಲ ನಾನೇ ಹೇಳಿದೆ, ಎಂಟಕ್ಕೆ ಹುಟ್ಟಿದವಳೆಂದು. ಕೆಲವರು ರೊಟ್ಟಿ ಮುರಿಯುವುದನ್ನೇ ನಿಲ್ಲಿಸಿದರು. ತಿನ್ನಿ ಎಂದೆ.

ಅವ್ವ ಊರಿಗೆ ಹೋಗಿ ಫೋನ್ ಮಾಡಿದಳು. "ಇಲ್ಲೆ ಎಲ್ಲಾರಿಗೂ ಏಳ ಅಂತ ಹೇಳೀನಿ. ನೀ ಬಂದಾಗ ಬಾಯಿ ಬಿಡಬ್ಯಾಡ."

"ಹಂಗಾರ ನಾ ಬರೂದಿಲ್ಲ."

ಅಂದುಬಿಟ್ಟೆ. ಆದರೆ ಬಾಣಂತಿಗೆಂದು ಅವ್ವ ಕಟ್ಟಿ ಕಳಿಸಿದ ಅಂಟಿನುಂಡಿ ತಿನ್ನುವಾಗಲೆಲ್ಲ ಅಳು ಬರುತ್ತದೆ. ಇಲ್ಲಿ ಮನಸ್ಸಿಗೆ ಬಂದದ್ದು ಹೇಳಬಹುದು, ಕೇಳಲು ನನ್ನವರಿಲ್ಲ. ಅಲ್ಲಿ ನನ್ನವರೆಲ್ಲ ಇದ್ದಾರೆ, ಬಾಯಿ ಮುಚ್ಚಿಕೊಂಡಿರಬೇಕು. ಮಗಳು ಜಮಖಂಡಿಯಲ್ಲಿ ಏಳಕ್ಕೆ ಹುಟ್ಟಿದ್ದಾಳೆ, ಶಿಕಾರಿಪುರದಲ್ಲಿ ಎಂಟಕ್ಕೆ.

ಅದಕ್ಕೇ ಊರವರು ಓದಲೆಂದು ಬರೆಯುತ್ತಿದ್ದೇನೆ: ಎಂಟು. ಸಿಟ್ಟಾದರೆ ಆಗು ಅವ್ವಾ. ಬರುವುದಿಲ್ಲ ಅಂದದ್ದು ಬಿಡು, ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಎಂಟು ಅಂದ ಮೇಲೂ ಕೈ ಚಾಚಿದವರ ಕೈಗಷ್ಟೇ ಅವಳನ್ನು ಕೊಡುತ್ತೇನೆ. ಮೊದಲು ನೀನು ಚಾಚು.